ತಂದೆಯ ಸಹಿ ಇಲ್ಲದ ಅರ್ಜಿ

ನಾರಾಯಣಪೇಟೆ ಜಿಲ್ಲೆಯ ಜಕ್ಲೇರಿನಿಂದ ಕೃಷ್ಣಾ ಸ್ಟೇಷನ್ನಿನವರೆಗಿನ 37 ಕಿಲೋಮೀಟರ್ ರೈಲು ಮಾರ್ಗ 2023ರ ಅಕ್ಟೋಬರ್ 1ರಂದು ಉದ್ಘಾಟನೆಯಾಯಿತು. ಅಂದಿನಿಂದ ಮಕ್ತಲ್‌ನ ಹುಡುಗ ಹುಡುಗಿಯರಿಗೆ ಒಂದು ಕಡೆ ಕಾಚಿಗುಡ, ಇನ್ನೊಂದು ಕಡೆ ರಾಯಚೂರು, ಎರಡೂ ಒಂದೇ ಹಳಿಯ ಮೇಲೆ ಸಿಗುತ್ತವೆ. ಗದ್ವಾಲದವರಿಗೆ ರಾಯಚೂರಿನ ರೈಲು ಅದಕ್ಕೂ ಹತ್ತು ವರ್ಷ ಮೊದಲೇ ಬಂದಿತ್ತು. ಹೀಗೆ ಕಾಲೇಜಿಗೆ ಹೋಗುವ ದಾರಿಯೇನೋ ಸುಗಮವಾಯಿತು. ಕಾಲೇಜಿನ ಹಣ ಬರುವ ದಾರಿ ಬೇರೆ. ಅದು ಎಂ.ಆರ್.ಒ. ಆಫೀಸು, ಮೀಸೇವಾ ಕೇಂದ್ರ, ತಂದೆಯ ಆಧಾರ್, ಮನೆಯ ರೇಷನ್ ಕಾರ್ಡು ಇವುಗಳ ಮೂಲಕವೇ ಹಾದುಬರಬೇಕು.

ಬಹುಪಾಲು ಮಕ್ಕಳಿಗೆ ಇದು ಬೇಸರದ ದಾರಿ, ಅಷ್ಟೇ. ಸರದಿಯಲ್ಲಿ ನಿಂತು, ಸರ್ವರ್ ಡೌನ್ ಅನ್ನಿಸಿಕೊಂಡು ವಾಪಸ್ ಬಂದು, ಮರುದಿನ ಮತ್ತೆ ಹೋದರೆ ಕೆಲಸವಾಗುತ್ತದೆ. ಆದರೆ ಊರೆಲ್ಲ ಹುಡುಗನೆಂದು ಕರೆಯುತ್ತಿದ್ದರೂ ಹೆಣ್ಣಾಗಿ ಬದುಕಲು ಹೊರಟ ವಿದ್ಯಾರ್ಥಿಗೆ, ಗೆಳತಿಯ ಮೇಲಿನ ಪ್ರೀತಿಯನ್ನು ಬಾಯಿಬಿಟ್ಟು ಹೇಳಿ ಏಟು ತಿಂದ ಹುಡುಗಿಗೆ, ಮದುವೆ ಬೇಡವೆನ್ನಲು ಇರುವ ನಿಜವಾದ ಕಾರಣ ತಿಳಿಸಿ ಮನೆಯಿಂದ ಹೊರಬಿದ್ದ ಹುಡುಗನಿಗೆ ಈ ದಾರಿ ನಡುವೆಯೇ ನಿಂತುಹೋಗುತ್ತದೆ. ಎಲ್‌ಜಿಬಿಟಿ ವಿದ್ಯಾರ್ಥಿಗಳಿಗೆ ನೆರವಿನ ಯೋಜನೆಗಳೇ ಇಲ್ಲ ಎಂಬ ಮಾತು ಅರ್ಧ ನಿಜ ಮಾತ್ರ. ಸಣ್ಣದೋ ದೊಡ್ಡದೋ, ಯೋಜನೆಗಳಿವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಬೀಗದ ಕೈ ಇರುವುದು ಅಪ್ಪನ ಜೇಬಿನಲ್ಲಿ.

ಮೊದಲು ಎಲ್ಲರಿಗೂ ಇರುವ ನೆರವನ್ನು ನೋಡಬೇಕು, ಏಕೆಂದರೆ ನಾರಾಯಣಪೇಟೆ, ಮಕ್ತಲ್, ಗದ್ವಾಲ ಈ ಮೂರೂ ಊರುಗಳಲ್ಲಿ ಡಿಗ್ರಿ ಓದುವವರ ಬದುಕು ನಿಂತಿರುವುದು ಅದರ ಮೇಲೆ. ತೆಲಂಗಾಣದಲ್ಲಿ ಇಂಟರ್ ಮುಗಿಸಿದವರು ದೋಸ್ತ್ ಪೋರ್ಟಲ್ ಮೂಲಕ ಡಿಗ್ರಿ ಕಾಲೇಜು ಸೇರುತ್ತಾರೆ, ಈಪಾಸ್ ಪೋರ್ಟಲ್ ಮೂಲಕ ಶುಲ್ಕ ಮರುಪಾವತಿ ಮತ್ತು ನಿರ್ವಹಣಾ ಭತ್ಯೆಗೆ ಅರ್ಜಿ ಹಾಕುತ್ತಾರೆ. ಹಿಂದುಳಿದ ವರ್ಗಗಳಿಗೆ ಆದಾಯದ ಮಿತಿ ಹಳ್ಳಿಯಲ್ಲಿ ವರ್ಷಕ್ಕೆ 1.5 ಲಕ್ಷ ರೂಪಾಯಿ, ಪಟ್ಟಣದಲ್ಲಿ 2 ಲಕ್ಷ. ಮಗ್ಗ ನಂಬಿ ಬದುಕುವ ನಾರಾಯಣಪೇಟೆ, ಗದ್ವಾಲಗಳ ನೇಕಾರ ಕುಟುಂಬಗಳಲ್ಲಿ ಹೆಚ್ಚಿನವು ಈ ಮಿತಿಯೊಳಗೇ ಬರುತ್ತವೆ. ಎಂಜಿನಿಯರಿಂಗ್‌ನಲ್ಲಿ ಪ್ರವೇಶ ಪರೀಕ್ಷೆಯ ರ‍್ಯಾಂಕು ಹತ್ತು ಸಾವಿರದೊಳಗಿದ್ದವರಿಗೆ ಪೂರ್ತಿ ಶುಲ್ಕ, ಉಳಿದ ಬಹುತೇಕರಿಗೆ 35,000 ರೂಪಾಯಿ ಎಂಬ ಲೆಕ್ಕ ಬಹುಕಾಲದಿಂದ ನಡೆದುಬಂದಿದೆ. ಹಣ ಸಕಾಲಕ್ಕೆ ಬರುತ್ತದೆಯೇ ಎಂಬುದು ಬೇರೆ ಕಥೆ. 2025ರ ನವೆಂಬರ್‌ನಲ್ಲಿ ರಾಜ್ಯದ ಖಾಸಗಿ ಕಾಲೇಜುಗಳು ಈ ಬಾಕಿಗಾಗಿಯೇ ಬಾಗಿಲು ಮುಚ್ಚಿ ಮುಷ್ಕರ ಹೂಡಿದವು. ಸರ್ಕಾರದ ಬಾಕಿ ತೀರುವವರೆಗೆ ವಿದ್ಯಾರ್ಥಿಯ ಅಂಕಪಟ್ಟಿಯನ್ನು, ಟಿ.ಸಿ.ಯನ್ನು ಕಪಾಟಿನಲ್ಲಿ ಇಟ್ಟುಕೊಳ್ಳುವ ಕಾಲೇಜುಗಳಿಗೂ ಕೊರತೆಯಿಲ್ಲ. ಮನೆಯವರ ಬೆಂಬಲ ಇದ್ದವರು ಸಾಲ ಸೋಲ ಮಾಡಿ ಬಿಡಿಸಿಕೊಂಡು ಬರುತ್ತಾರೆ. ಇಲ್ಲದವರ ಓದು ಅಲ್ಲಿಗೇ ನಿಲ್ಲುತ್ತದೆ.

ಈಪಾಸ್ ಕೇಳುವ ಆದಾಯ ಪ್ರಮಾಣಪತ್ರ ಯಾರದು? ವಿದ್ಯಾರ್ಥಿಯದಲ್ಲ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕೇಂದ್ರ ಬರೆದ ಮಾರ್ಗಸೂಚಿ ಇದನ್ನು ನೇರವಾಗಿಯೇ ಹೇಳುತ್ತದೆ. ತಂದೆ ತಾಯಿಯಲ್ಲಿ ಒಬ್ಬರು ಬದುಕಿದ್ದರೂ ಲೆಕ್ಕಕ್ಕೆ ಬರುವುದು ಅವರ ಆದಾಯ, ಮದುವೆಯಾದ ಹೆಣ್ಣುಮಗಳಿಗಾದರೆ ಗಂಡನದು. ಹದಿನೆಂಟು ತುಂಬಿದವರು ಓಟು ಹಾಕಬಹುದು, ಜಮೀನು ಕೊಳ್ಳಬಹುದು, ಜೈಲಿಗೂ ಹೋಗಬಹುದು. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಮಾತ್ರ ಅವರು ಇನ್ನೂ ಅಪ್ಪನ ಮನೆಯ ಮಕ್ಕಳು. ದೋಸ್ತ್ ನೋಂದಣಿಗೆ ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಬೇಕು. ಹಳ್ಳಿಯ ಎಷ್ಟೋ ಮನೆಗಳಲ್ಲಿ ಆ ನಂಬರ್ ಅಪ್ಪನದೋ ಅಣ್ಣನದೋ ಆಗಿರುತ್ತದೆ. ಮನೆ ಬಿಟ್ಟ ವಿದ್ಯಾರ್ಥಿ ಹೈದರಾಬಾದಿನಲ್ಲಿ ಕುಳಿತು ಫಾರ್ಮ್ ತುಂಬಿದರೆ ಒಟಿಪಿ ಮಕ್ತಲ್‌ನಲ್ಲಿ ರಿಂಗಣಿಸುತ್ತದೆ.

ಈ ಸೀಮೆಗೆ ಇಂಥ ಗೋಡೆ ಹೊಸದೇನಲ್ಲ. ಮಕ್ತಲ್, ಊಟ್ಕೂರು, ನಾರಾಯಣಪೇಟೆಯ ಸುತ್ತಮುತ್ತ ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಿಡುವ ಜೋಗಿನಿ ಪದ್ಧತಿ ಬಹುಕಾಲ ಬೇರೂರಿತ್ತು. 1988ರಲ್ಲಿ ಆಂಧ್ರಪ್ರದೇಶ ಕಾಯ್ದೆ ಮಾಡಿ ಅದನ್ನು ನಿಷೇಧಿಸಿದ ಮೇಲೂ ಜೋಗಿನಿಯರ ಮಕ್ಕಳು ಶಾಲೆಯ ಫಾರ್ಮಿನಲ್ಲಿ ತಂದೆಯ ಹೆಸರಿನ ಜಾಗ ಬಂದಾಗ ತಲೆ ತಗ್ಗಿಸಬೇಕಾಗುತ್ತಿತ್ತು. ಆ ಮಕ್ಕಳ ಸ್ಥಿತಿಗತಿಯನ್ನೇ ವಿಚಾರಿಸಲು ಸರ್ಕಾರ ರಘುನಾಥರಾವ್ ಏಕಸದಸ್ಯ ಆಯೋಗವನ್ನು ನೇಮಿಸಬೇಕಾಯಿತು. ತಂದೆ ಇಲ್ಲದ, ಅಥವಾ ತಂದೆಯೆಂದು ಒಪ್ಪಿಕೊಳ್ಳುವವರೇ ಇಲ್ಲದ ಮಗುವಿಗೆ ಅರ್ಜಿ ಹೇಗೆ ಎಂಬ ಪ್ರಶ್ನೆ ಇಲ್ಲಿನ ಕಚೇರಿಗಳಿಗೆ ಆಗಲೇ ಎದುರಾಗಿದೆ. ತಂದೆ ಇದ್ದೂ ಹೊರಹಾಕಿದ ಮಗುವಿನ ಪ್ರಶ್ನೆ ಅದರ ನೆರೆಮನೆಯದು. ಆ ಬಾಗಿಲನ್ನು ಮಾತ್ರ ಯಾರೂ ತಟ್ಟಿಲ್ಲ.

ಎಲ್, ಜಿ, ಬಿ ಅಂದರೆ ಸಲಿಂಗಿ ಮತ್ತು ದ್ವಿಲಿಂಗಿ ವಿದ್ಯಾರ್ಥಿಗಳ ವಿಷಯ ಚುಟುಕಾಗಿ ಹೇಳಿ ಮುಗಿಸಬಹುದು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ 377ನೇ ಕಲಮಿನ ಹಲ್ಲು ಕಿತ್ತಿತು. ಅವರನ್ನು ಅಪರಾಧಿಗಳ ಪಟ್ಟಿಯಿಂದ ತೆಗೆದದ್ದೇ ಹೊರತು ಫಲಾನುಭವಿಗಳ ಪಟ್ಟಿಗೆ ಸೇರಿಸಿದ್ದು ಕಡಿಮೆ. 2024ರಲ್ಲಿ ಕೇಂದ್ರವು ಸಲಿಂಗ ಸಂಗಾತಿಗಳನ್ನು ರೇಷನ್ ಕಾರ್ಡಿನ ಮಟ್ಟಿಗೆ ಒಂದೇ ಮನೆಯವರೆಂದು ಪರಿಗಣಿಸಬೇಕೆಂದು ರಾಜ್ಯಗಳಿಗೆ ಬರೆಯಿತು, ಜಂಟಿ ಬ್ಯಾಂಕ್ ಖಾತೆಗೆ ಅಡ್ಡಿಯಿಲ್ಲ ಎಂದೂ ಸ್ಪಷ್ಟಪಡಿಸಿತು. ಓದಿನ ನೆರವಿನ ಬಗ್ಗೆ ಆ ಪತ್ರಗಳಲ್ಲಿ ಮಾತಿಲ್ಲ. ಸಲಿಂಗಿ ಎಂಬ ಕಾರಣಕ್ಕೆ ಸಿಗುವ ಸರ್ಕಾರಿ ವಿದ್ಯಾರ್ಥಿವೇತನ ದೇಶದಲ್ಲಿಲ್ಲ.

ಹೀಗೆ ಪ್ರತ್ಯೇಕ ಯೋಜನೆ ಇಲ್ಲದಿರುವುದನ್ನು ಬರೀ ನಷ್ಟವೆಂದು ಬರೆದರೆ ನಾರಾಯಣಪೇಟೆಯಂಥ ಊರಿನ ಪರಿಚಯವಿಲ್ಲ ಎಂದಾಗುತ್ತದೆ. ಒಂದೇ ಓಣಿಯಲ್ಲಿ ಕನ್ನಡ, ತೆಲುಗು, ಮರಾಠಿ, ಉರ್ದು ನಾಲ್ಕೂ ಕೇಳಿಸುವ, ಯಾರ ಮನೆಯ ಮಗ್ಗದ ಮೇಲೆ ಯಾವ ಸೀರೆ ಇದೆಯೆಂಬುದು ಎಲ್ಲರಿಗೂ ಗೊತ್ತಿರುವ ಊರಿನಲ್ಲಿ ‘ನಾನು ಇಂಥವಳು’ ಎಂದು ಬರೆದುಕೊಟ್ಟರೆ ಮಾತ್ರ ಸಿಗುವ ಹಣಕ್ಕೆ ಅರ್ಜಿ ಹಾಕುವ ಧೈರ್ಯ ಎಷ್ಟು ಜನರಿಗಿದ್ದೀತು? ಏನನ್ನೂ ಕೇಳದ ಸಾಮಾನ್ಯ ಯೋಜನೆಯೇ ಇಂಥ ವಿದ್ಯಾರ್ಥಿಗೆ ಹೆಚ್ಚು ಕ್ಷೇಮ. ಕೇಂದ್ರದ ಪಿಎಂ-ಯುಎಸ್‌ಪಿ ವಿದ್ಯಾರ್ಥಿವೇತನ ಹನ್ನೆರಡನೆಯ ತರಗತಿಯ ಅಂಕಗಳ ಮೇಲೆ ನಿಂತದ್ದು. ಬೋರ್ಡಿನ ಮೇಲಿನ 20 ಪರ್ಸೆಂಟೈಲ್‌ನಲ್ಲಿದ್ದು ಮನೆಯ ಆದಾಯ 4.5 ಲಕ್ಷ ಮೀರದಿದ್ದರೆ ಡಿಗ್ರಿಯ ಮೂರು ವರ್ಷ ತಲಾ 12,000, ಸ್ನಾತಕೋತ್ತರಕ್ಕೆ 20,000 ರೂಪಾಯಿ. ದೇಶದಲ್ಲಿ ವರ್ಷಕ್ಕೆ 82,000 ಹೊಸ ಸ್ಥಾನಗಳು, ಅರ್ಧ ಹುಡುಗಿಯರಿಗೆ. ಆದರೆ ಶುಲ್ಕ ಮರುಪಾವತಿ ಪಡೆಯುವವರಿಗೆ ಇದು ಸಿಗದು, ಯಾವುದು ಲಾಭವೆಂದು ಲೆಕ್ಕ ಹಾಕಿಯೇ ಅರ್ಜಿ ಹಾಕಬೇಕು. ಹತ್ತನ್ನೂ ಹನ್ನೆರಡನ್ನೂ ಸರ್ಕಾರಿ ಶಾಲೆ–ಕಾಲೇಜಿನಲ್ಲೇ ಮುಗಿಸಿ ಡಿಗ್ರಿಯ ಮೊದಲ ವರ್ಷ ಸೇರಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ. 2025–26ರಿಂದ ತೆಲಂಗಾಣ, ಕರ್ನಾಟಕ ಎರಡೂ ಅದರ ವ್ಯಾಪ್ತಿಯಲ್ಲಿವೆ. ಕೃಷ್ಣಾ ಮಂಡಲದ ಕನ್ನಡ ಶಾಲೆಯಲ್ಲಿ ಓದಿ ಮಕ್ತಲ್‌ನ ಸರ್ಕಾರಿ ಜೂನಿಯರ್ ಕಾಲೇಜಿನಲ್ಲಿ ಇಂಟರ್ ಮುಗಿಸಿದ ಹುಡುಗಿಗೆ, ಆಕೆ ಯಾರನ್ನು ಪ್ರೀತಿಸಿದರೂ, ಇದು ಹೊಂದುವ ಯೋಜನೆ. ದಲಿತ ಹುಡುಗಿಯರಿಗಾದರೆ ತೆಲಂಗಾಣ ಸಮಾಜ ಕಲ್ಯಾಣ ಗುರುಕುಲಗಳ ಮಹಿಳಾ ಡಿಗ್ರಿ ಕಾಲೇಜುಗಳಿವೆ. ಊಟ, ವಸತಿ, ಓದು ಮೂರೂ ಉಚಿತ. ಮನೆಯಿಂದ ದೂರವಿರುವುದೇ ಮೊದಲ ನೆರವು ಎನ್ನುವಂಥ ಹುಡುಗಿಗೆ ಗುರುಕುಲದ ಸೀಟಿನ ಬೆಲೆ ಯಾವ ವಿದ್ಯಾರ್ಥಿವೇತನಕ್ಕಿಂತಲೂ ಹೆಚ್ಚು.

ಟ್ರಾನ್ಸ್‌ಜೆಂಡರ್ ವಿದ್ಯಾರ್ಥಿಗಳ ಸ್ಥಿತಿ ಇದಕ್ಕೆ ತಿರುಗುಮುರುಗು. ಅವರಿಗಾಗಿಯೇ ಕಾನೂನು, ಪೋರ್ಟಲ್, ಯೋಜನೆಗಳಿವೆ. ಅದರ ಜೊತೆಗೆ ಒಂದು ಕೆಟ್ಟ ಇತಿಹಾಸವೂ ಇದೆ.

ನಿಜಾಮರ ಹೈದರಾಬಾದ್ ಸಂಸ್ಥಾನ 1329ನೇ ಫಸಲಿಯಲ್ಲಿ, ಅಂದರೆ 1919ರ ಸುಮಾರಿಗೆ, ಹಿಜಡಾ ಸಮುದಾಯದವರ ಹೆಸರು, ವಿಳಾಸಗಳನ್ನು ಸರ್ಕಾರಿ ರಿಜಿಸ್ಟರಿನಲ್ಲಿ ಬರೆದಿಡುವ ಕಾನೂನು ತಂದಿತು. ಹೆಣ್ಣುಡುಗೆ ತೊಟ್ಟು ಬೀದಿಗೆ ಬಂದರೆ, ಸಾರ್ವಜನಿಕವಾಗಿ ಹಾಡಿ ಕುಣಿದರೆ ವಾರಂಟ್ ಇಲ್ಲದೆ ಹಿಡಿಯಬಹುದಿತ್ತು. ನಾರಾಯಣಪೇಟೆ, ಮಕ್ತಲ್, ಗದ್ವಾಲ ಮೂರೂ ಆ ಸಂಸ್ಥಾನದ ನೆರಳಿನಲ್ಲಿದ್ದ ಊರುಗಳು. ನಿಜಾಮರು ಹೋದರು, ಆಂಧ್ರಪ್ರದೇಶ ಬಂತು, ತೆಲಂಗಾಣವೂ ಆಯಿತು, ಕಾನೂನು ಮಾತ್ರ ಪುಸ್ತಕದಲ್ಲೇ ಉಳಿದಿತ್ತು. ವೈಜಯಂತಿ ವಸಂತ ಮೊಗ್ಲಿ ಮತ್ತಿತರರು ಹೂಡಿದ ಮೊಕದ್ದಮೆಯಲ್ಲಿ ತೆಲಂಗಾಣ ಹೈಕೋರ್ಟ್ ಅದನ್ನು ಸಂವಿಧಾನಬಾಹಿರವೆಂದು ರದ್ದುಮಾಡಿದ್ದು 2023ರ ಜುಲೈನಲ್ಲಿ. ಅದೇ ತೀರ್ಪಿನಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಶಿಕ್ಷಣ ಮತ್ತು ಸರ್ಕಾರಿ ಕೆಲಸದಲ್ಲಿ ಮೀಸಲಾತಿ ನೀಡಲು ಆದೇಶ ಹೊರಡಿಸಬೇಕು, ಆಸರಾ ಪಿಂಚಣಿಗೂ ಸೇರಿಸಬೇಕು ಎಂದಿತು. ಸುಪ್ರೀಂ ಕೋರ್ಟು ನಾಲ್ಸಾ ಪ್ರಕರಣದಲ್ಲಿ ಇದೇ ಮೀಸಲಾತಿಯ ಮಾತನ್ನು ಹೇಳಿದ್ದು 2014ರ ಏಪ್ರಿಲ್ 15ರಂದು. ನೂರು ವರ್ಷ ಹೆಸರು ಬರೆಸಿಕೊಂಡದ್ದು ಹಿಡಿಯುವುದಕ್ಕೆ. ಈಗ ‘ಹೆಸರು ಬರೆಸಿ, ಸೌಲಭ್ಯ ಕೊಡುತ್ತೇವೆ’ ಎನ್ನುವ ಸರ್ಕಾರವನ್ನು ಹಿರಿಯ ಟ್ರಾನ್ಸ್ ಮಹಿಳೆಯರು ಅನುಮಾನದಿಂದ ನೋಡಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ಹೆಸರು ಬರೆಸುವ ಈ ಹೊಸ ಕ್ರಮಕ್ಕೆ ಅಡಿಪಾಯ ಹಾಕಿದ್ದು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆಯ 2019ರ ಕಾಯ್ದೆ ಮತ್ತು ಅದರ 2020ರ ನಿಯಮಗಳು. 2020ರ ನವೆಂಬರ್ 25ರಂದು ತೆರೆದ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಅಫಿಡವಿಟ್ ಸಮೇತ ಅರ್ಜಿ ಹಾಕುವುದು, ಜಿಲ್ಲಾಧಿಕಾರಿಯಿಂದ ಪ್ರಮಾಣಪತ್ರ, ಗುರುತಿನ ಚೀಟಿ ಪಡೆಯುವುದು. ಆಫೀಸಿಗೆ ಖುದ್ದಾಗಿ ಅಲೆಯಬೇಕಿಲ್ಲ ಎಂಬುದು ಆ ಪೋರ್ಟಲ್‌ನ ಹೆಗ್ಗಳಿಕೆ. ಗದ್ವಾಲ 2016ರಲ್ಲಿ, ನಾರಾಯಣಪೇಟೆ 2019ರಲ್ಲಿ ಜಿಲ್ಲಾ ಕೇಂದ್ರಗಳಾದವು. ಮೊದಲು ಮಹಬೂಬ್‌ನಗರದಲ್ಲಿದ್ದ ಕಲೆಕ್ಟರ್ ಆಫೀಸು ಹೀಗೆ ಊರಿಗೇ ಬಂತು. ಅನುಕೂಲವೇ ಸರಿ. ಆದರೆ ಆ ಆಫೀಸಿನ ಗುಮಾಸ್ತ ಪಕ್ಕದ ಓಣಿಯವನೂ ಆಗಿರಬಹುದು.

ಈ ಪ್ರಮಾಣಪತ್ರ ಕೈಯಲ್ಲಿದ್ದರೆ ಕೇಂದ್ರದ ಸ್ಮೈಲ್ ಯೋಜನೆಯಡಿ ಒಂಬತ್ತನೆಯ ತರಗತಿಯಿಂದ ಸ್ನಾತಕೋತ್ತರದವರೆಗೆ ವರ್ಷಕ್ಕೆ 13,500 ರೂಪಾಯಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. 2022ರ ಫೆಬ್ರುವರಿಯಲ್ಲಿ ಶುರುವಾದ ಈ ಯೋಜನೆಗೆ 2025–26ರವರೆಗಿನ ಐದು ವರ್ಷಕ್ಕೆಂದು 365 ಕೋಟಿ ರೂಪಾಯಿ ಇಟ್ಟಿದ್ದರು. ಭಿಕ್ಷಾಟನೆ ಮಾಡುವವರ ಪುನರ್ವಸತಿಯೂ ಅದರೊಳಗೇ ಇತ್ತು ಎಂಬುದನ್ನು ನೋಡಿದರೆ ಸರ್ಕಾರ ಈ ಜನರನ್ನು ಯಾವ ಸಾಲಿನಲ್ಲಿ ಕೂರಿಸಿದೆ ಎಂಬುದು ತಿಳಿಯುತ್ತದೆ. ತಿಂಗಳಿಗೆ ಹಂಚಿದರೆ 1,125 ರೂಪಾಯಿ. ಹೈದರಾಬಾದಿನಲ್ಲಿ ಹಾಸ್ಟೆಲ್ ಬಾಡಿಗೆಗೆ ಇದು ಸಾಲದು. ಆದರೂ ರಾಯಚೂರಿಗೆ ರೈಲಿನಲ್ಲಿ ಓಡಾಡಿ ಓದುವ ವಿದ್ಯಾರ್ಥಿಗೆ ಪಾಸು, ಪುಸ್ತಕ, ಪರೀಕ್ಷೆ ಶುಲ್ಕ ಅದರಲ್ಲಿ ಸಾಗೀತು.

ತೊಡಕಿರುವುದು ಸಣ್ಣ ಅಕ್ಷರಗಳಲ್ಲಿ. ಹದಿನೆಂಟು ತುಂಬದವರ ಪರವಾಗಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬೇಕಾದವರು ತಂದೆ ತಾಯಿ ಅಥವಾ ಪೋಷಕರು. ವಿದ್ಯಾರ್ಥಿವೇತನ ಶುರುವಾಗುವುದು ಒಂಬತ್ತನೆಯ ತರಗತಿಯಿಂದ. ಒಂಬತ್ತರ ಮಗುವಿಗೆ ವಯಸ್ಸು ಹದಿನಾಲ್ಕು. ಅಂದರೆ ಶಾಲೆಯ ನಾಲ್ಕು ವರ್ಷ ಈ ಹಣ ಸಿಗುವುದು ಮಗುವನ್ನು ಒಪ್ಪಿಕೊಂಡ ಮನೆಗಳಿಗೆ ಮಾತ್ರ. ಒಪ್ಪದ ಮನೆಯ ಮಗುವೇ ಶಾಲೆ ಬಿಡುವ ಸಾಧ್ಯತೆ ಹೆಚ್ಚು, ಅದಕ್ಕೇ ಹಣವಿಲ್ಲ. ಇನ್ನೊಂದು ಷರತ್ತು ಇದಕ್ಕಿಂತ ಬಿಗಿ. ಅರ್ಜಿದಾರರು ಆ ಜಿಲ್ಲೆಯಲ್ಲಿ ಸತತ ಹನ್ನೆರಡು ತಿಂಗಳು ವಾಸವಾಗಿರಬೇಕು ಎಂದು 2020ರ ನಿಯಮ ಹೇಳಿತು. ಇಂಟರ್ ಮುಗಿದ ಬೇಸಿಗೆಯಲ್ಲಿ ಗದ್ವಾಲ ಬಿಟ್ಟು ಹೈದರಾಬಾದ್ ಸೇರಿದವರು ಊರಿನ ವಿಳಾಸದಿಂದ ಅರ್ಜಿ ಹಾಕಲು ಹೆದರುತ್ತಾರೆ, ಹೊಸ ವಿಳಾಸಕ್ಕೆ ವರ್ಷ ತುಂಬಿರುವುದಿಲ್ಲ. ಡಿಗ್ರಿಯ ಮೊದಲ ವರ್ಷದ ಹಣ ಹೀಗೇ ಕೈತಪ್ಪುತ್ತದೆ. ಓದು ಬಿಡಲು ಮೊದಲ ವರ್ಷಕ್ಕಿಂತ ಸುಲಭದ ವರ್ಷ ಬೇರೆ ಯಾವುದಿದೆ?

ಯೋಜನೆ ಕೈಕೊಟ್ಟಲ್ಲಿ ಜನ ಕೈಹಿಡಿದ ಉದಾಹರಣೆಯೂ ತೆಲಂಗಾಣದಲ್ಲಿದೆ. ಹೈದರಾಬಾದಿನ ಉಸ್ಮಾನಿಯಾ ಜನರಲ್ ಆಸ್ಪತ್ರೆಗೆ 2022ರಲ್ಲಿ ಇಬ್ಬರು ಟ್ರಾನ್ಸ್ ವೈದ್ಯೆಯರು ಸೇರಿದರು. ರಾಜ್ಯದ ಸರ್ಕಾರಿ ಸೇವೆಯಲ್ಲಿ ಅವರೇ ಮೊದಲಿಗರು. ಅವರಲ್ಲಿ ಒಬ್ಬರಾದ ಡಾ. ರೂತ್ ಜಾನ್ ಪಾಲ್ ಕೊಯ್ಯಾಲ ಅವರಿಗೆ ಆನಂತರ ಇಎಸ್‌ಐ ಮೆಡಿಕಲ್ ಕಾಲೇಜಿನಲ್ಲಿ ತುರ್ತು ಚಿಕಿತ್ಸಾ ವಿಭಾಗದ ಸ್ನಾತಕೋತ್ತರ ಸೀಟು ಸಿಕ್ಕಿತು. ಶುಲ್ಕ ಕಟ್ಟಲು ಹಣವಿರಲಿಲ್ಲ. ಆಸ್ಪತ್ರೆಯ ಸಹೋದ್ಯೋಗಿಗಳು ತಮ್ಮೊಳಗೇ ಹಣ ಕೂಡಿಸಿದರು, ಉಳಿದದ್ದನ್ನು ಸ್ವಯಂಸೇವಾ ಸಂಸ್ಥೆಯೊಂದು ತುಂಬಿತು. ಸಂತೋಷದ ಸುದ್ದಿಯೇ. ಆದರೆ ಎಂಬಿಬಿಎಸ್ ಓದಿ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದವರಿಗೇ ಜೋಳಿಗೆ ಹಿಡಿಯಬೇಕಾದ ಸ್ಥಿತಿ ಬಂತೆಂದರೆ, ಜಿಲ್ಲೆಯಿಂದ ಬಂದ ಹದಿನೆಂಟರ ವಿದ್ಯಾರ್ಥಿಯ ಪಾಡು ಏನು?

ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಪ್ರಕರಣ ಸೀಟು ಮತ್ತು ಹಣ ಎರಡನ್ನೂ ಒಟ್ಟಿಗೆ ಕಟ್ಟಿ ತೋರಿಸಿತು. ಮೂರು ವರ್ಷದ ಎಲ್‌ಎಲ್‌ಬಿಗೆ ಅರ್ಜಿ ಹಾಕಿದ ಟ್ರಾನ್ಸ್‌ಜೆಂಡರ್ ಅಭ್ಯರ್ಥಿಯೊಬ್ಬರು ಮೀಸಲಾತಿ ಕೇಳಿ ಕರ್ನಾಟಕ ಹೈಕೋರ್ಟಿಗೆ ಹೋದರು. 2024ರ ಡಿಸೆಂಬರ್‌ನಲ್ಲಿ ಏಕಸದಸ್ಯ ಪೀಠ ಶೇ 0.5ರಷ್ಟು ಮಧ್ಯಂತರ ಮೀಸಲಾತಿಯನ್ನೂ ಶುಲ್ಕ ವಿನಾಯಿತಿಯನ್ನೂ ಒಟ್ಟಿಗೇ ಕೊಡಬೇಕೆಂದಿತು. ಮನೆಯಿಂದ ಹಣ ಬಾರದವರಿಗೆ ಬರೀ ಸೀಟು ಕೊಟ್ಟರೆ ಅದು ಕಾಗದದ ಸೀಟು ಎಂಬುದನ್ನು ಒಪ್ಪಿದ ಆದೇಶ ಅದು. ಮರುವರ್ಷ ವಿಭಾಗೀಯ ಪೀಠ ಅದಕ್ಕೆ ತಡೆ ಕೊಟ್ಟಿತು.

ಗಡಿನಾಡಿನವರಿಗೆ ಇನ್ನೂ ಒಂದು ಗಂಟು ಉಂಟು. ಗದ್ವಾಲ ತಾಲೂಕು 1956ರವರೆಗೆ ರಾಯಚೂರು ಜಿಲ್ಲೆಯದೇ ಭಾಗ. ರಾಜ್ಯ ಪುನರ್ವಿಂಗಡಣೆಯಲ್ಲಿ ಗದ್ವಾಲ, ಆಲಂಪುರಗಳು ಆಂಧ್ರಕ್ಕೆ ಹೋದವು, ರಾಯಚೂರು ಮೈಸೂರು ರಾಜ್ಯಕ್ಕೆ ಬಂತು. ಇಂದು ರಾಯಚೂರಿನ ವಿದ್ಯಾರ್ಥಿಗೆ ಸಂವಿಧಾನದ 371-ಜೆ ವಿಧಿಯಡಿ ಕಲ್ಯಾಣ ಕರ್ನಾಟಕದ ಮೀಸಲಾತಿ ಇದೆ. ಅದೇ ಜಿಲ್ಲೆಯಲ್ಲಿದ್ದ ಗದ್ವಾಲದವರಿಗೆ ಇಲ್ಲ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆಂದು ಒಂದು ಕಲಂ ಇದೆ. ಅದರಲ್ಲಿ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ, ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳ ಹೆಸರುಗಳಿವೆ. ಮಕ್ತಲ್‌ನ ಹೆಸರಿಲ್ಲ, ನಾರಾಯಣಪೇಟೆಯದೂ ಇಲ್ಲ. ಹೊರನಾಡ ಕನ್ನಡಿಗರ ಕಲಮಿನಲ್ಲಿ ಕನ್ನಡ ಪರೀಕ್ಷೆ ಬರೆದು ಪ್ರಯತ್ನಿಸಬಹುದು. ಅದರಿಂದ ಸಿಕ್ಕರೂ ಸಿಗುವುದು ಸೀಟು, ಹಣವಲ್ಲ. ಕರ್ನಾಟಕದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್ ಕೇಳುವುದು ಕರ್ನಾಟಕದ ಜಾತಿ, ಆದಾಯ ಪ್ರಮಾಣಪತ್ರಗಳನ್ನು, ತೆಲಂಗಾಣದ ಶುಲ್ಕ ಮರುಪಾವತಿ ಮುಖ್ಯವಾಗಿ ಅಲ್ಲಿನ ಕಾಲೇಜುಗಳಿಗೇ ಮೀಸಲು. ಪರಿಶಿಷ್ಟ ಜಾತಿಯವರಿಗೆ ಮಾತ್ರ ಎಲ್ಲಿ ಓದಿದರೂ ಸ್ವಂತ ರಾಜ್ಯವೇ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಕೊಡಬೇಕೆಂಬ ಕೇಂದ್ರದ ನಿಯಮವಿದೆ. ಮನೆಯಿಂದ ದೂರವಾಗಲೆಂದು ಕೃಷ್ಣಾ ಹೊಳೆ ದಾಟಿ ಕನ್ನಡದಲ್ಲಿ ಓದಲು ಬಂದ ಉಳಿದ ಟ್ರಾನ್ಸ್ ವಿದ್ಯಾರ್ಥಿಗಳಿಗೆ ಉಳಿಯುವುದು ಮುಖ್ಯವಾಗಿ ಕೇಂದ್ರದ 13,500.

ಹಾಗೆಂದು ಹೊಳೆಯ ಆಚೆ ಕಣ್ಣು ಹಾಯಿಸಿದರೆ ಓದು ಎಲ್ಲಿಗೆ ಮುಟ್ಟಿಸಬಹುದು ಎಂಬುದು ಕಾಣುತ್ತದೆ. ಲೈಂಗಿಕ ಅಲ್ಪಸಂಖ್ಯಾತರ ಪರ ಕೆಲಸ ಮಾಡುವ ಸಂಗಮ ಸಂಸ್ಥೆ ಹೈಕೋರ್ಟಿಗೆ ಹೋದ ಫಲವಾಗಿ ಕರ್ನಾಟಕ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಟ್ರಾನ್ಸ್‌ಜೆಂಡರ್ ಅಭ್ಯರ್ಥಿಗಳಿಗೆ ಶೇ 1ರಷ್ಟು ಮೀಸಲಾತಿ ತಂದಿತು, ದೇಶದಲ್ಲೇ ಮೊದಲು. ಮರುವರ್ಷ ಪದವೀಧರ ಪ್ರಾಥಮಿಕ ಶಿಕ್ಷಕರ ಆಯ್ಕೆ ಪಟ್ಟಿಯಲ್ಲಿ ಮೂವರು ಬಂದರು. ಅವರಲ್ಲಿ ಒಬ್ಬರು ರಾಯಚೂರು ಜಿಲ್ಲೆಯ ಮಾನ್ವಿ ತಾಲೂಕಿನ ನೀರಮಾನ್ವಿಯವರು. ಅದೇ 2022ರ ಕೊನೆಯಲ್ಲಿ ಬಳ್ಳಾರಿ ಜಿಲ್ಲೆಯ ಕುರುಗೋಡಿನ ರೇಣುಕಾ ಪೂಜಾರ್, ತಾವು ಕನ್ನಡ ಎಂ.ಎ. ಓದಿದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲೇ ಅತಿಥಿ ಉಪನ್ಯಾಸಕಿಯಾದರು. ಕೆಲಸದ ಮೀಸಲಾತಿ ಇದ್ದು ಓದಿನ ನೆರವು ಇಲ್ಲದಿದ್ದರೆ ಅರ್ಜಿ ಹಾಕಲು ಡಿಗ್ರಿ ಇರುವವರು ಎಷ್ಟು ಜನ ಸಿಕ್ಕಾರು? ಕರ್ನಾಟಕವೂ ಈ ಅರ್ಧವನ್ನು ಇನ್ನೂ ಪೂರ್ತಿ ಮಾಡಿಲ್ಲ.

ಪೂರ್ತಿ ಮಾಡಲು ಹೊರಟವರಲ್ಲಿ ಕೇರಳ ಮುಂದಿದೆ. ಕಾಸರಗೋಡಿನ ಕನ್ನಡ ಮನೆಯ ಟ್ರಾನ್ಸ್ ವಿದ್ಯಾರ್ಥಿಗೆ ಅಲ್ಲಿನ ಸಾಮಾಜಿಕ ನ್ಯಾಯ ಇಲಾಖೆಯಿಂದ ಏಳರಿಂದ ಹತ್ತನೆಯ ತರಗತಿಯವರೆಗೆ ತಿಂಗಳಿಗೆ 1,000, ಪ್ಲಸ್ ಟು ಹಂತದಲ್ಲಿ 1,500, ಡಿಗ್ರಿಗೆ 2,000 ರೂಪಾಯಿ ವಿದ್ಯಾರ್ಥಿವೇತನ ಉಂಟು. ಮನೆಯಿಂದ ಹೊರಗಿದ್ದು ಓದುವವರ ವಸತಿಗೆ ಪ್ರತ್ಯೇಕ ಹಣ. 2018ರಲ್ಲಿ ಪ್ರತಿ ಕೋರ್ಸಿಗೆ ಎರಡು ಹೆಚ್ಚುವರಿ ಸೀಟುಗಳು ಬಂದವು. ತಮಿಳುನಾಡು 2024–25ರ ಬಜೆಟ್ಟಿನಲ್ಲಿ ಉನ್ನತ ಶಿಕ್ಷಣ ಓದುವ ಟ್ರಾನ್ಸ್‌ಜೆಂಡರ್ ವಿದ್ಯಾರ್ಥಿಗಳ ಬೋಧನಾ ಶುಲ್ಕ, ಹಾಸ್ಟೆಲ್ ಶುಲ್ಕ ಎರಡನ್ನೂ ತಾನೇ ಹೊರುವುದಾಗಿ ಹೇಳಿತು. ಎರಡೂ ರಾಜ್ಯಗಳು ತಲೆಯ ಮೇಲಿನ ಸೂರಿಗೆ ಬೇರೆಯಾಗಿ ಹಣ ಇಟ್ಟಿರುವುದು ಗಮನಿಸಬೇಕಾದದ್ದು. ಮನೆಯಿಂದ ಹೊರಬಿದ್ದವರ ಕಷ್ಟ ಬಲ್ಲವರು ಯಾರೋ ಆ ಟಿಪ್ಪಣಿ ಬರೆದಿರಬೇಕು.

ಅಪ್ಪನ ಆದಾಯದ ಗಂಟನ್ನು ಬಿಡಿಸಿದವರು ಹೊರದೇಶದಲ್ಲಿದ್ದಾರೆ. ಅಮೆರಿಕದಲ್ಲೂ ಇಪ್ಪತ್ನಾಲ್ಕು ತುಂಬದ ವಿದ್ಯಾರ್ಥಿ ಸರ್ಕಾರದ ನೆರವಿಗೆ ಅರ್ಜಿ ಹಾಕಿದರೆ ಸಾಮಾನ್ಯವಾಗಿ ತಂದೆ ತಾಯಿಯ ಆದಾಯವನ್ನೇ ಕೇಳುತ್ತಾರೆ. ಆದರೆ ಮನೆಯವರು ಹೊರಹಾಕಿದ್ದಾರೆ, ಅವರ ಬಳಿ ಹೋಗುವುದು ಅಪಾಯ ಎಂದು ವಿದ್ಯಾರ್ಥಿ ತಿಳಿಸಿದರೆ, ಕಾಲೇಜಿನ ನೆರವು ಅಧಿಕಾರಿ ಸಮಾಜ ಕಾರ್ಯಕರ್ತರು, ಶಿಕ್ಷಕರು, ಸಲಹೆಗಾರರು ಇಂಥವರ ಪತ್ರ ನೋಡಿ ಆ ವಿದ್ಯಾರ್ಥಿಯನ್ನು ಸ್ವತಂತ್ರರೆಂದು ಘೋಷಿಸಬಹುದು. ಬ್ರಿಟನ್ನಿನಲ್ಲಿ ಮನೆಯವರೊಂದಿಗೆ ಸಂಬಂಧ ಕಡಿದುಹೋದ ವಿದ್ಯಾರ್ಥಿಗಳಿಗೆಂದೇ ಒಂದು ವರ್ಗ ಇದೆ, ಅವರ ಸ್ವಂತ ಸ್ಥಿತಿ ನೋಡಿ ಸಾಲ, ನೆರವು ಕೊಡುತ್ತಾರೆ. ಎರಡೂ ಕಡೆ ಇದು ಎಲ್‌ಜಿಬಿಟಿಯವರಿಗೆಂದೇ ಮಾಡಿದ ನಿಯಮವಲ್ಲ. ಹೊಡೆಯುವ ಅಪ್ಪನಿಂದ ಓಡಿಬಂದವರಿಗೆ, ಮನೆಯವರು ಹೊರಹಾಕಿದವರಿಗೆ, ಎಲ್ಲರಿಗೂ ಅನ್ವಯಿಸುತ್ತದೆ. ತೆಲಂಗಾಣಕ್ಕೂ ಹೊಂದುವುದು ಇದೇ. ಸಲಿಂಗಿ ವಿದ್ಯಾರ್ಥಿಗೆಂದು ಹೊಸ ಯೋಜನೆ ಮಾಡುವುದಕ್ಕಿಂತ, ಮನೆಯಿಂದ ದೂರವಾದ ವಯಸ್ಕ ವಿದ್ಯಾರ್ಥಿಗೆ ಪ್ರಿನ್ಸಿಪಾಲರ ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಪತ್ರದ ಮೇಲೆ ಸ್ವಂತ ಆದಾಯ ಪ್ರಮಾಣಪತ್ರ ಕೊಡುವ ಒಂದು ಸುತ್ತೋಲೆ ಹೊರಟರೆ ಹೆಚ್ಚು ಕೆಲಸವಾಗುತ್ತದೆ. ಯಾರೂ ಯಾರ ಮುಂದೆಯೂ ತಮ್ಮ ಗುಟ್ಟು ಬಿಚ್ಚಬೇಕಾಗುವುದಿಲ್ಲ.

ಅಮೆರಿಕದಲ್ಲಿ ನೆಲೆಸಿದ ಕನ್ನಡ ಮನೆಗಳ ಮಕ್ಕಳಿಗೆ 2001ರಲ್ಲಿ ಹುಟ್ಟಿದ ಪಾಯಿಂಟ್ ಫೌಂಡೇಶನ್‌ನಂಥ, ಎಲ್‌ಜಿಬಿಟಿ ವಿದ್ಯಾರ್ಥಿಗಳಿಗೆಂದೇ ಇರುವ ಸಂಸ್ಥೆಗಳಿವೆ. ಅಲ್ಲಿನ ಕಾಲೇಜು ಸೇರಿದವರಿಗೆ ಮಾತ್ರ ಅದರ ಬಾಗಿಲು ತೆರೆಯುತ್ತದೆ. ನಾರಾಯಣಪೇಟೆಯಲ್ಲಿ ಕುಳಿತು ಇಂಟರ್‌ನೆಟ್‌ನಲ್ಲಿ ಹುಡುಕಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಇಂಥ ಹೆಸರುಗಳೇ. ಅರ್ಧ ದಿನ ಓದಿ ನೋಡಿದ ಮೇಲೆ ತನಗಲ್ಲ ಎಂದು ಗೊತ್ತಾಗುತ್ತದೆ.

ತನಗೂ ಸಿಗುವಂಥದ್ದು ಹತ್ತಿರದಲ್ಲೇ ಇದ್ದು ಕಣ್ಣಿಗೆ ಬೀಳದಿರುವುದೂ ಉಂಟು. ದೂರಶಿಕ್ಷಣದ ಇಗ್ನೋ 2017ರಲ್ಲೇ ಟ್ರಾನ್ಸ್‌ಜೆಂಡರ್ ವಿದ್ಯಾರ್ಥಿಗಳಿಗೆ ಶುಲ್ಕ ವಿನಾಯಿತಿ ಘೋಷಿಸಿತು. ತರಗತಿಯಲ್ಲಿ ಗೇಲಿ ಸಹಿಸಲಾಗದೆ ಓದು ಬಿಟ್ಟವರಿಗೆ, ಹಗಲು ದುಡಿದು ರಾತ್ರಿ ಓದುವವರಿಗೆ ಇದಕ್ಕಿಂತ ಸರಳವಾದ ದಾರಿ ಇಲ್ಲ. ಯುಜಿಸಿ-ನೆಟ್ ಪರೀಕ್ಷೆಯಲ್ಲಿ ತೃತೀಯ ಲಿಂಗಿಗಳಿಗೆ ಪರಿಶಿಷ್ಟರಿಗೆ ಇರುವಷ್ಟೇ ಕಡಿಮೆ ಶುಲ್ಕ, ಸ್ನಾತಕೋತ್ತರದಲ್ಲಿ ಶೇ 55ರ ಬದಲು 50 ಅಂಕ ಸಾಕು. ಯುಜಿಸಿಯ ರ‍್ಯಾಗಿಂಗ್ ತಡೆ ನಿಯಮಕ್ಕೆ 2016ರಲ್ಲಿ ಲೈಂಗಿಕ ಒಲವು ಮತ್ತು ಲಿಂಗತ್ವದ ಕಾರಣಕ್ಕೆ ಕೊಡುವ ಕಿರುಕುಳವನ್ನೂ ಸೇರಿಸಿದರು. ಹಾಸ್ಟೆಲ್ ಬಿಟ್ಟು ಓಡಿಹೋಗುವ ಬದಲು ದೂರು ಕೊಡಲು ಇದು ಆಧಾರವಾಗುತ್ತದೆ. ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯ 2022ರಲ್ಲಿ ತನ್ನ ಹಾಸ್ಟೆಲ್ಲಿನ ಒಂದು ಮಹಡಿಯನ್ನು ಗಂಡು–ಹೆಣ್ಣು ಎಂಬ ಭೇದವಿಲ್ಲದ ವಾಸಕ್ಕೆ ಬಿಟ್ಟುಕೊಟ್ಟಿತು. ಜಿಲ್ಲೆಯ ಬಿ.ಸಿ. ಹಾಸ್ಟೆಲ್ಲುಗಳಿಗೆ ಆ ಗಾಳಿ ತಲುಪಬೇಕಿದೆ.

ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ವಿದ್ಯಾರ್ಥಿಗಳಿಗೆ ಹೇಳಬಹುದಾದ ಉಪಯುಕ್ತ ಮಾತು ಯೋಜನೆಗಳ ಪಟ್ಟಿಯಲ್ಲ, ಕಾಗದಗಳ ಪಟ್ಟಿ. ಹದಿನೆಂಟು ತುಂಬಿದ ಕೂಡಲೇ ಸ್ವಂತ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯುವುದು. ಸ್ವಂತ ಸಿಮ್ ತೆಗೆದು ಆಧಾರ್ ಕೇಂದ್ರದಲ್ಲಿ ನಂಬರ್ ಬದಲಿಸಿಕೊಳ್ಳುವುದು. ಹತ್ತರ ಮೆಮೊ, ಇಂಟರ್ ಮೆಮೊ, ಬೋನಾಫೈಡ್, ಜಾತಿ ಪ್ರಮಾಣಪತ್ರ ಇವುಗಳ ಪ್ರತಿಯನ್ನು ಫೋನಿನಲ್ಲೂ ನಂಬಿಕಸ್ತ ಗೆಳೆಯರ ಬಳಿಯೂ ಇಡುವುದು, ಮೀಸೇವಾ ಅರ್ಜಿಯ ನಂಬರ್ ಬರೆದಿಟ್ಟುಕೊಳ್ಳುವುದು. ಆದಾಯ ಪ್ರಮಾಣಪತ್ರಕ್ಕೆ ಒಂದೇ ವರ್ಷದ ಆಯಸ್ಸು, ಆದ್ದರಿಂದ ಮನೆಯಲ್ಲಿ ಮಾತು ಕೆಡುವ ಲಕ್ಷಣ ಕಂಡರೆ ಅದನ್ನು ಮೊದಲೇ ಮಾಡಿಸಿಟ್ಟುಕೊಳ್ಳುವುದು ಜಾಣತನ. ಟ್ರಾನ್ಸ್‌ಜೆಂಡರ್ ಪ್ರಮಾಣಪತ್ರದಲ್ಲಿ ಹೆಸರು ಬದಲಾಯಿಸುವವರು ಹತ್ತರ ಮೆಮೊದಲ್ಲಿ ಇರುವ ಹೆಸರಿಗೂ ಆಧಾರ್‌ನ ಹೆಸರಿಗೂ ಹೊಂದಾಣಿಕೆ ಇದೆಯೇ ಎಂದು ಅರ್ಜಿಗೆ ಮುಂಚೆಯೇ ನೋಡಿಕೊಳ್ಳಬೇಕು, ಒಂದು ಅಕ್ಷರ ತಪ್ಪಿದರೂ ಪೋರ್ಟಲ್ ಹಿಂದಕ್ಕೆ ಕಳಿಸುತ್ತದೆ. ಈಪಾಸ್‌ನಲ್ಲಿ ನವೀಕರಣಕ್ಕೆ ಶೇ 75 ಹಾಜರಾತಿ ಬೇಕು, ಹಾಗಾಗಿ ಕಿರುಕುಳದಿಂದ ತರಗತಿ ತಪ್ಪಿಸುತ್ತಿರುವ ವಿದ್ಯಾರ್ಥಿ ವರ್ಷದ ಕೊನೆಯವರೆಗೆ ಕಾಯದೆ ಕಾಲೇಜಿಗೆ ಲಿಖಿತವಾಗಿ ತಿಳಿಸಿ, ಆ ಪತ್ರದ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು.